ಅಪ್ಪ-ಅಮ್ಮ ಗಟ್ಟಿ ಇರುವಾಗಲೇ: ವಿಕಲಚೇತನರ ವಸತಿ ಆರೈಕೆಗೆ ಸರ್ಕಾರದ ನೆರವು ಪಡೆಯುವ ದಾರಿ

ಬುದ್ಧಿಮಾಂದ್ಯತೆ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಗನೋ ಮಗಳೋ ದೊಡ್ಡವರಾಗಿದ್ದಾರೆ. ಅಪ್ಪ-ಅಮ್ಮನಿಗೂ ವಯಸ್ಸಾಗಿದೆ. ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು ಮೊದಲಿನಷ್ಟು ಸಲೀಸಲ್ಲ. ಇಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: ಇವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕಡೆಗೆ ಸರ್ಕಾರ ದುಡ್ಡು ಕೊಡುತ್ತಾ?

ಕೊಡುತ್ತದೆ. ಆದರೆ ನಿಮ್ಮ ಕೈಗಲ್ಲ, ವಸತಿ ಕೇಂದ್ರವನ್ನು ನಡೆಸುವ ಸಂಸ್ಥೆಯ ಕೈಗೆ. ಆಸ್ಟ್ರೇಲಿಯಾದಂಥ ದೇಶದಲ್ಲಿ ವಿಕಲಚೇತನರ ಹೆಸರಿಗೇ ಹಣ ಮಂಜೂರಾಗುತ್ತದೆ, ಅದನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದರಲ್ಲಿ ಅವರ ಮಾತೂ ನಡೆಯುತ್ತದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಹಣ ಸೀಟಿನ, ಅಂದರೆ ವಸತಿ ಕೇಂದ್ರದಲ್ಲಿ ಒಬ್ಬರಿಗೆ ಇರುವ ಜಾಗದ, ಹಿಂದೆ ಹೋಗುತ್ತದೆ, ವ್ಯಕ್ತಿಯ ಹಿಂದೆ ಬರುವುದಿಲ್ಲ.

ಇದು ತಲೆಗೆ ಹೋದರೆ ಅರ್ಧ ಅಲೆದಾಟ ಕಡಿಮೆಯಾಗುತ್ತದೆ. ‘ನನ್ನ ಮಗನ ಹಾಸ್ಟೆಲ್ ಫೀಸಿಗೆ ಸಹಾಯ ಮಾಡಿ’ ಎಂದು ಅರ್ಜಿ ಬರೆದುಕೊಂಡು ಆಫೀಸಿಂದ ಆಫೀಸಿಗೆ ಸುಮ್ನೆ ತಿರುಗುವುದು ತಪ್ಪುತ್ತದೆ. ನೀವು ಮಾಡಬೇಕಾದ್ದು ಎರಡು ಕೆಲಸ. ನಿಮ್ಮವರು ಆ ಸೀಟಿಗೆ ಅರ್ಹರು ಎಂದು ತೋರಿಸುವ ಕಾಗದಪತ್ರ ಸಿದ್ಧ ಮಾಡಿಕೊಳ್ಳುವುದು. ಸರಿಯಾಗಿ ನಡೆಯುವ, ನೋಂದಣಿ ಇರುವ ಕೇಂದ್ರ ಹುಡುಕುವುದು. ಈ ಬರಹ ಕರ್ನಾಟಕದ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದೆ. ಕೇಂದ್ರ ಸರ್ಕಾರದ ಯೋಜನೆಗಳ ಮಾತು ಬೇರೆ ರಾಜ್ಯಗಳಲ್ಲಿರುವ ಕನ್ನಡಿಗರಿಗೂ ಅನ್ವಯಿಸುತ್ತದೆ.

ದುಡ್ಡು ಎಲ್ಲಿಂದ ಬರುತ್ತದೆ

ಮೊದಲನೆಯದು ನ್ಯಾಷನಲ್ ಟ್ರಸ್ಟ್. 1999ರ ಕಾಯ್ದೆಯಿಂದ ಹುಟ್ಟಿದ, ಕೇಂದ್ರ ಸರ್ಕಾರದ ಸಂಸ್ಥೆ. ಇದರ ವ್ಯಾಪ್ತಿಗೆ ಬರುವುದು ನಾಲ್ಕೇ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ. ಇದರ ‘ಘರೌಂದಾ’ ಯೋಜನೆ 18 ವರ್ಷ ದಾಟಿದವರಿಗೆ ಜೀವನಪೂರ್ತಿ ಇರಬಹುದಾದ ಗುಂಪು ಮನೆ. ‘ಸಮರ್ಥ್’ ಸ್ವಲ್ಪ ದಿನದ ಮಟ್ಟಿಗೆ ಇಟ್ಟು ನೋಡಿಕೊಳ್ಳುವ ವ್ಯವಸ್ಥೆ. ಮನೆಯಲ್ಲಿ ಆಪರೇಷನ್ ಇದೆ, ಮದುವೆ ಇದೆ, ಅಥವಾ ನೋಡಿಕೊಳ್ಳುವವರಿಗೇ ಸುಸ್ತಾಗಿದೆ ಅಂದಾಗ ಇದು ಬೇಕಾಗುತ್ತದೆ. ಈ ಮನೆಗಳನ್ನು ಟ್ರಸ್ಟ್ ತಾನೇ ನಡೆಸುವುದಿಲ್ಲ, ತನ್ನಲ್ಲಿ ನೋಂದಣಿಯಾದ ಸಂಸ್ಥೆಗಳಿಗೆ ಅನುದಾನ ಕೊಟ್ಟು ನಡೆಸುತ್ತದೆ. ಬಡ ಕುಟುಂಬದವರ ಸೀಟಿನ ಖರ್ಚು ಟ್ರಸ್ಟಿನದು. ಆದಾಯ ಜಾಸ್ತಿ ಇರುವ ಮನೆಯವರು ತಾವೇ ಕಟ್ಟಬೇಕು.

ಎರಡನೆಯದು ಕೇಂದ್ರ ಸರ್ಕಾರದ್ದೇ ಆದ ದೀನದಯಾಳ್ ವಿಕಲಚೇತನರ ಪುನರ್ವಸತಿ ಯೋಜನೆ. ಆಫೀಸುಗಳಲ್ಲಿ ‘ಡಿಡಿಆರ್‌ಎಸ್’ ಅನ್ನುತ್ತಾರೆ. ವಸತಿ ಇರುವ ವಿಶೇಷ ಶಾಲೆಗಳಿಗೆ, ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರ ಹಾಫ್‌ವೇ ಹೋಂಗಳಿಗೆ (ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆ) ಇದರಿಂದ ಹಣ ಹೋಗುತ್ತದೆ. ಅರ್ಜಿ ಹಾಕುವುದು ಸಂಸ್ಥೆ, ಕುಟುಂಬ ಅಲ್ಲ.

ಮೂರನೆಯದು ರಾಜ್ಯ ಸರ್ಕಾರ. ಅಶಕ್ತರಿಗೆ ನೆರವು ಕೊಡುವ ವಿಷಯ ಸಂವಿಧಾನದ ರಾಜ್ಯ ಪಟ್ಟಿಯಲ್ಲೇ ಇದೆ. ಹಾಗಾಗಿ ಕೇಂದ್ರದ ಹೆಸರಿನ ಯೋಜನೆಯಾದರೂ ನಿಮ್ಮ ಕೆಲಸ ಆಗುವುದು ಜಿಲ್ಲೆಯಲ್ಲಿ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ. ಪ್ರತಿ ಜಿಲ್ಲೆಯಲ್ಲೂ ಇದರ ಕಲ್ಯಾಣಾಧಿಕಾರಿ ಇರುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಯಾವ ಕೇಂದ್ರಕ್ಕೆ ಸರ್ಕಾರಿ ಅನುದಾನ ಇದೆ, ಎಲ್ಲಿ ಸೀಟು ಖಾಲಿ ಇದೆ ಅನ್ನುವುದನ್ನು ಮೊದಲು ಕೇಳಬೇಕಾದ್ದು ಇವರನ್ನೇ.

1. ಸರ್ಟಿಫಿಕೇಟ್ ಮತ್ತು ಯುಡಿಐಡಿ ಕಾರ್ಡ್

ವೈಕಲ್ಯದ ಸರ್ಟಿಫಿಕೇಟ್ ಮತ್ತು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್, ಇಲ್ಲದೆ ಯಾವ ಬಾಗಿಲೂ ತೆಗೆಯುವುದಿಲ್ಲ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ತೋರಿಸಬೇಕು. ವೈಕಲ್ಯ ಶೇ 40ರಿಂದ 80ರ ಒಳಗಿದ್ದರೆ ಹಳದಿ ಕಾರ್ಡ್, 80 ಮತ್ತು ಮೇಲ್ಪಟ್ಟರೆ ನೀಲಿ. ಆನ್‌ಲೈನ್ ಕೆಲಸಕ್ಕೆ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಆರ್‌ಡಬ್ಲ್ಯೂ ಅಂದರೆ ಪಂಚಾಯಿತಿಯಲ್ಲಿ ಗೊತ್ತಾಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಇವರಲ್ಲಿ ಹಲವರು ಸ್ವತಃ ವಿಕಲಚೇತನರು, ಯಾವ ಕಾಗದ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಒಂದು ಎಚ್ಚರಿಕೆ. ಸರ್ಟಿಫಿಕೇಟ್‌ನಲ್ಲಿ ವೈಕಲ್ಯದ ಹೆಸರು ಏನೆಂದು ಬರೆದಿದೆ ನೋಡಿ. ಸೆರೆಬ್ರಲ್ ಪಾಲ್ಸಿ ಇರುವ ಹುಡುಗನಿಗೆ ಬರೀ ‘ದೈಹಿಕ ವೈಕಲ್ಯ’ ಎಂದು ಬರೆದುಕೊಟ್ಟಿದ್ದರೆ ನ್ಯಾಷನಲ್ ಟ್ರಸ್ಟಿನ ನಾಲ್ಕರಲ್ಲಿ ಅವನು ಬರುತ್ತಾನೆ ಎಂದು ತೋರಿಸುವುದು ಕಷ್ಟ. ಪೋಲಿಯೊ ಆದವರಿಗೂ ಅದೇ ಪದ ಹಾಕಿರುತ್ತಾರೆ. ಹೆಸರು ಸರಿ ಇಲ್ಲದಿದ್ದರೆ ಈಗಲೇ ತಿದ್ದಿಸಿ. ಆಧಾರ್, ರೇಷನ್ ಕಾರ್ಡ್, ಯುಡಿಐಡಿ ಮೂರರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ತಾರೀಕು ಒಂದೇ ಇರಲಿ.

2. ಸಣ್ಣ ದುಡ್ಡನ್ನು ಬಿಡಬೇಡಿ

ನಾಡಕಚೇರಿಯಲ್ಲಿ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿ. ಇದರಲ್ಲಿ ಕೇಂದ್ರ ಸರ್ಕಾರದ ಪಾಲು ಬಿಪಿಎಲ್ ಮನೆಯ, ಶೇ 80 ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ ತಿಂಗಳಿಗೆ 300 ರೂಪಾಯಿ ಅಷ್ಟೇ. ರಾಜ್ಯ ತನ್ನದನ್ನು ಸೇರಿಸುತ್ತದೆ, ವೈಕಲ್ಯದ ಪ್ರಮಾಣ ಜಾಸ್ತಿ ಇದ್ದಷ್ಟೂ ಮೊತ್ತ ಜಾಸ್ತಿ. ಇದರಿಂದ ವಸತಿ ಕೇಂದ್ರದ ಖರ್ಚು ತೂಗುವುದಿಲ್ಲ, ನಿಜ. ಆದರೂ ಇದು ನಿಮ್ಮವರ ಹೆಸರಿನ ಖಾತೆಗೇ ಬರುವ ಹಣ. ಡೈಪರ್, ಫಿಟ್ಸ್ ಮಾತ್ರೆ, ಚಪ್ಪಲಿ ಇಂಥದ್ದಕ್ಕೆ ಆಗುತ್ತದೆ.

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಆರೈಕೆದಾರರ ಭತ್ಯೆಯನ್ನು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತ್ತು. ಕಲ್ಯಾಣಾಧಿಕಾರಿ ಕಚೇರಿಗೆ ಹೋದಾಗ ಇದನ್ನೂ ಕೇಳಿ.

ಇನ್ನು ನಿರಾಮಯ. ನ್ಯಾಷನಲ್ ಟ್ರಸ್ಟಿನ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಮೊದಲೇ ಇರುವ ಕಾಯಿಲೆ ಅಂತ ಹೊರಗಿಡುವುದಿಲ್ಲ, ವಯಸ್ಸಿನ ಮಿತಿ ಇಲ್ಲ, ಥೆರಪಿಗೂ ಒಂದು ಮಿತಿಯವರೆಗೆ ಸಿಗುತ್ತದೆ. ಮೊದಲು ಬಿಲ್ ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು, ಆದ್ದರಿಂದ ಒರಿಜಿನಲ್ ಬಿಲ್ ಎಸೆಯಬೇಡಿ. ಮಾರ್ಚ್ 31ಕ್ಕೆ ಅವಧಿ ಮುಗಿಯುತ್ತದೆ, ಪ್ರತಿ ವರ್ಷ ನವೀಕರಿಸಬೇಕು. ಸೇರಿಸಿಕೊಳ್ಳುವ ಮೊದಲು ಹಲವು ಕೇಂದ್ರಗಳು ‘ನಿರಾಮಯ ಇದೆಯಾ’ ಎಂದು ಕೇಳುತ್ತವೆ.

3. ಕಾನೂನುಬದ್ಧ ಪೋಷಕತ್ವ: ಎಲ್ಲರೂ ಮುಂದೂಡುವ ಕೆಲಸ

ಮಗ ನಮ್ಮವನೇ, ಅವನಿಗೆ ಪೋಷಕರು ನಾವೇ ಅಂತ ಸರ್ಟಿಫಿಕೇಟ್ ಬೇರೆ ಬೇಕಾ? ಬೇಕು. 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ಅವನು ವಯಸ್ಕ. ಅವನ ಪರವಾಗಿ ಬ್ಯಾಂಕಿನಲ್ಲಿ ಸಹಿ ಹಾಕಲು, ವಸತಿ ಕೇಂದ್ರದ ಜೊತೆ ಒಪ್ಪಂದ ಮಾಡಿಕೊಳ್ಳಲು ಅಪ್ಪನಿಗೂ ತಾನಾಗಿಯೇ ಅಧಿಕಾರ ಇರುವುದಿಲ್ಲ.

ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಇದಕ್ಕೆ ಕೋರ್ಟು ಮೆಟ್ಟಿಲು ಹತ್ತಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ‘ಸ್ಥಳೀಯ ಮಟ್ಟದ ಸಮಿತಿ’ ಇದೆ. ಜಿಲ್ಲಾಧಿಕಾರಿ ಮಟ್ಟದ ಅಧಿಕಾರಿ ಅಧ್ಯಕ್ಷರು. ಟ್ರಸ್ಟಿನಲ್ಲಿ ನೋಂದಣಿಯಾದ ಒಂದು ಸಂಸ್ಥೆಯವರು, ಒಬ್ಬ ವಿಕಲಚೇತನರು ಸದಸ್ಯರು. ಅರ್ಜಿಯ ಜೊತೆ ವೈಕಲ್ಯದ ಸರ್ಟಿಫಿಕೇಟ್, ವಯಸ್ಸಿನ ದಾಖಲೆ, ವಿಳಾಸ, ಫೋಟೊ, ಆಸ್ತಿ ಇದ್ದರೆ ಅದರ ವಿವರ ಕೊಡಬೇಕು. ಸಮಿತಿ ವಿಚಾರಿಸಿ ಆದೇಶ ಕೊಡುತ್ತದೆ. ಹೆಣ್ಣುಮಗಳ ವಿಷಯದಲ್ಲಿ ಚಿಕ್ಕಪ್ಪನೋ ಮಾವನೋ ಒಬ್ಬರೇ ಗಂಡಸು ಅರ್ಜಿ ಹಾಕಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೆಂಡತಿಯನ್ನೂ ಜೊತೆ ಪೋಷಕರಾಗಿ ಸೇರಿಸಿ ಅರ್ಜಿ ಹಾಕಿ.

ತಡವಾಗುವುದು ಎಲ್ಲಿ ಅಂದರೆ ಸಮಿತಿಯ ಸಭೆಯಲ್ಲಿ. ಡಿಸಿ ಅವರಿಗೆ ಚುನಾವಣೆ, ಬರ, ನೆರೆ ಎಲ್ಲ ಮುಗಿದು ಈ ಸಭೆಗೆ ದಿನ ಸಿಗಬೇಕು. ಅರ್ಜಿ ಕೊಟ್ಟು ಮನೆಯಲ್ಲಿ ಕೂತರೆ ಅದು ಕಡತದಲ್ಲೇ ಉಳಿಯುತ್ತದೆ. ಸ್ವೀಕೃತಿ ಪತ್ರ ತೆಗೆದುಕೊಳ್ಳಿ, ಮುಂದಿನ ಸಭೆ ಯಾವಾಗ ಎಂದು ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಆಗಾಗ ಕೇಳುತ್ತಿರಿ. ಅರ್ಜಿ ಕೊಟ್ಟ ಬೇರೆ ಪೋಷಕರ ಜೊತೆ ಸೇರಿ ಹೋದರೆ ಇನ್ನೂ ಒಳ್ಳೆಯದು. ಹತ್ತು ಅರ್ಜಿ ಬಾಕಿ ಇದೆ ಅಂದಾಗ ಸಭೆ ಬೇಗ ಕರೆಯುತ್ತಾರೆ.

ಆದೇಶ ಬಂದರೆ ಮುಗಿಯಲಿಲ್ಲ. ಪೋಷಕರಾದವರು 6 ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಪಾಸ್ತಿಯ ಪಟ್ಟಿಯನ್ನು ಕೊಡಬೇಕು. ಪ್ರತಿ ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಆಸ್ತಿ ಏನೂ ಇಲ್ಲದಿದ್ದರೂ ‘ಇಲ್ಲ’ ಎಂದೇ ಬರೆದುಕೊಡಿ.

ಆಸ್ತಿಯ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ‘ಅವನಿಗೆ ಬುದ್ಧಿ ಇಲ್ಲ, ಅವನಿಗೇಕೆ ಭಾಗ’ ಎಂದು ಹಳ್ಳಿಯಲ್ಲಿ ಪಾಲು ಮಾಡುವಾಗ ಹೇಳುವುದುಂಟು. ಹಿಂದೂ ಉತ್ತರಾಧಿಕಾರ ಕಾಯ್ದೆ ಇದನ್ನು ಒಪ್ಪುವುದಿಲ್ಲ. ಕಾಯಿಲೆ, ಊನ ಇದೆ ಎಂಬ ಕಾರಣಕ್ಕೆ ಯಾರ ಪಾಲೂ ತಪ್ಪುವುದಿಲ್ಲ. ಅಣ್ಣತಮ್ಮಂದಿರು ಹೆಬ್ಬೆಟ್ಟು ಒತ್ತಿಸಿಕೊಂಡು ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡಿದ್ದರೆ ಸುಮ್ಮನಿರಬೇಡಿ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಕಲಚೇತನರಿಗೆ ವಕೀಲರ ನೆರವು ಉಚಿತ.

ಇನ್ನೊಂದು ಮಾತು. ಎಲ್ಲರಿಗೂ ಪೂರ್ಣ ಪೋಷಕತ್ವ ಬೇಕಿಲ್ಲ. ತನ್ನ ಊಟ, ಬಟ್ಟೆ, ಎಲ್ಲಿ ಇರಬೇಕು ಅನ್ನುವುದನ್ನು ಹೇಳಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ‘ಸೀಮಿತ ಪೋಷಕತ್ವ’ ಇದೆ. ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ಅವಧಿಗೆ, ಆ ವ್ಯಕ್ತಿಯನ್ನು ಕೇಳಿಕೊಂಡೇ ಮಾಡುವ ವ್ಯವಸ್ಥೆ ಅದು.

4. ಕೇಂದ್ರಕ್ಕೆ ಹೋಗಿ ನೋಡುವಾಗ

ಮೊದಲು ಕಾಗದ. 2016ರ ಕಾಯ್ದೆ ಪ್ರಕಾರ ವಿಕಲಚೇತನರ ಸಂಸ್ಥೆ ನಡೆಸಲು ರಾಜ್ಯದ ನೋಂದಣಿ ಕಡ್ಡಾಯ. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳಿ, ಅವಧಿ ಮುಗಿದಿಲ್ಲವೇ ನೋಡಿ. ಆಮೇಲೆ ಕೇಳಿ: ನಿಮಗೆ ಯಾವ ಯೋಜನೆಯ ಅನುದಾನ ಬರುತ್ತದೆ? ಎಷ್ಟು ಸೀಟಿಗೆ? ನಮ್ಮವರು ಅನುದಾನದ ಸೀಟಿಗೆ ಸೇರುತ್ತಾರೋ, ಫೀಸಿನ ಸೀಟಿಗೋ? ಈ ಕೊನೆಯ ಪ್ರಶ್ನೆ ಕೇಳಲು ಜನ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಅನುದಾನದ ಸೀಟು ಎಂದು ಹೇಳಿ ಕುಟುಂಬದಿಂದಲೂ ‘ದೇಣಿಗೆ’ ಕೇಳಿದರೆ ಅದು ಯಾವ ಲೆಕ್ಕಕ್ಕೆ ಎಂದು ಬರೆದುಕೊಡಲು ಹೇಳಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅನುದಾನ ಕಂತಿನಲ್ಲಿ ಬರುತ್ತದೆ, ಪರಿಶೀಲನೆ, ಲೆಕ್ಕಪತ್ರ ಎಲ್ಲ ಮುಗಿದ ಮೇಲೆ. ಆ ನಡುವೆ ಅಕ್ಕಿ, ಸಂಬಳ ನಿಲ್ಲುವ ಹಾಗಿಲ್ಲವಲ್ಲ. ಹಾಗಾಗಿ ‘ಕಂತು ತಡವಾದರೆ ಹೇಗೆ ನಡೆಸುತ್ತೀರಿ’ ಎಂದು ಕೇಳಿ. ನೇರವಾಗಿ ಉತ್ತರ ಕೊಡುವವರು ನಂಬಿಕಸ್ಥರು ಎಂದು ನನ್ನ ಅನಿಸಿಕೆ. ‘ದೇವರಿದ್ದಾನೆ’ ಎಂದು ಮಾತು ತೇಲಿಸಿದರೆ ಸ್ವಲ್ಪ ಯೋಚಿಸಿ.

ಇನ್ನು ಕಣ್ಣಿಂದ ನೋಡುವುದು. ವಾರದ ನಡುವೆ, ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ. ಯಾರದೋ ಹುಟ್ಟುಹಬ್ಬಕ್ಕೆ ಹೋಳಿಗೆ ಊಟ ಹಾಕಿಸಿದ ದಿನ ಹೋದರೆ ಏನೂ ಗೊತ್ತಾಗುವುದಿಲ್ಲ. ತಾವೇ ತಿನ್ನಲು ಆಗದವರಿಗೆ ಯಾರು ತಿನ್ನಿಸುತ್ತಿದ್ದಾರೆ, ಒಬ್ಬರು ಎಷ್ಟು ಮಂದಿಗೆ ತಿನ್ನಿಸುತ್ತಿದ್ದಾರೆ ಎಂದು ಗಮನಿಸಿ. ಅನ್ನ ಕಲಸಿ ಎಲ್ಲರಿಗೂ ಒಂದೇ ಬಟ್ಟಲಿನಿಂದ ತುತ್ತು ಹಾಕುತ್ತಿದ್ದರೆ ಸಿಬ್ಬಂದಿ ಸಾಲದು ಎಂದೇ ಅರ್ಥ. ಬಚ್ಚಲಿನ ಚಿಲಕ ಒಳಗಿದೆಯೋ ಹೊರಗಿದೆಯೋ ನೋಡಿ. ಮಾತ್ರೆ ಕೊಡುವ ರಿಜಿಸ್ಟರ್ ಕೇಳಿ. ಫಿಟ್ಸ್ ಮಾತ್ರೆಯ ಕಾಲಂನಲ್ಲಿ ಇಡೀ ತಿಂಗಳದ್ದು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಒಟ್ಟಿಗೆ ತುಂಬಿದ ಹಾಗಿದ್ದರೆ ಅದು ದಿನಾ ಬರೆದದ್ದಲ್ಲ. ಬಟ್ಟೆ ಒಣಗಿಸುವ ಹಗ್ಗದ ಕಡೆ ಒಮ್ಮೆ ನೋಡಿ. ಬಟ್ಟೆಗೆ ಹೆಸರು ಹೊಲಿದಿದ್ದಾರಾ? ಅವರವರ ಬಟ್ಟೆ ಅವರವರಿಗೇ ಸಿಗುತ್ತದಾ? ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ, ಹೆಣ್ಣುಮಕ್ಕಳ ಕಡೆ ಹೆಂಗಸರೇ ಇರುತ್ತಾರಾ ಎಂದು ಕೇಳಿ. ‘ಮೊದಲ ಮೂರು ತಿಂಗಳು ಭೇಟಿಗೆ ಬರಬೇಡಿ, ಹೊಂದಿಕೊಳ್ಳಲಿ’ ಅನ್ನುವ ಕಡೆ ಬಿಡಬೇಡಿ.

ನಿಮ್ಮವರನ್ನೂ ಕರೆದುಕೊಂಡು ಹೋಗಿ. ತನಗಿಷ್ಟವಾದ ಕಡೆ, ಸಮುದಾಯದ ನಡುವೆ ಬದುಕುವ ಹಕ್ಕು ವಿಕಲಚೇತನರಿಗಿದೆ, ಇಂಥ ಕಡೆಯೇ ಇರು ಎಂದು ಬಲವಂತ ಮಾಡುವ ಹಾಗಿಲ್ಲ ಎಂದು 2016ರ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಮಾತು ಬಾರದವರೂ ಮುಖದಲ್ಲಿ, ನಡವಳಿಕೆಯಲ್ಲಿ ತಮ್ಮ ಇಷ್ಟ ಹೇಳುತ್ತಾರೆ, ಅಲ್ವಾ?

5. ಮೊದಲು ಸ್ವಲ್ಪ ದಿನ

ಒಂದೇ ಸಲ ಬಿಟ್ಟು ಬರುವ ಬದಲು ಸಮರ್ಥ್ ಥರದ ಕಡೆ ಒಂದೆರಡು ವಾರ ಇಟ್ಟು ನೋಡಿ. ಅವರಿಗೂ ರೂಢಿಯಾಗುತ್ತದೆ, ನಿಮಗೂ ಆ ಕೇಂದ್ರದ ಬಂಡವಾಳ ಗೊತ್ತಾಗುತ್ತದೆ. ಹೋಗುವಾಗ ಒಂದು ಹಾಳೆಯಲ್ಲಿ ಅವರ ದಿನಚರಿ ಬರೆದುಕೊಡಿ: ಯಾವ ಮಾತ್ರೆ ಯಾವಾಗ, ಏನು ಕಂಡರೆ ಭಯ, ಬಾತ್‌ರೂಮಿಗೆ ಹೋಗಬೇಕಾದಾಗ ಏನು ಸನ್ನೆ ಮಾಡುತ್ತಾರೆ, ಮಲಗುವ ಮುಂಚೆ ಏನು ಬೇಕು. ಕನ್ನಡದಲ್ಲೇ ಬರೆಯಿರಿ. ರಾತ್ರಿ ನೋಡಿಕೊಳ್ಳುವ ಆಯಾ ಓದಬೇಕಾದ ಹಾಳೆ ಅದು.

6. ಸೇರಿಸುವಾಗ

ಒಪ್ಪಂದದಲ್ಲಿ ಇರಬೇಕಾದ್ದು: ಫೀಸು ಎಷ್ಟು, ಆಸ್ಪತ್ರೆ ಖರ್ಚು ಯಾರದು, ತುರ್ತು ಆಪರೇಷನ್‌ಗೆ ಒಪ್ಪಿಗೆ ಯಾರು ಕೊಡಬೇಕು, ಹಬ್ಬಕ್ಕೆ ಮನೆಗೆ ಕರೆದುಕೊಂಡು ಹೋಗಬಹುದಾ, ಅನುದಾನ ನಿಂತರೆ ಅಥವಾ ಕೇಂದ್ರ ಮುಚ್ಚಿದರೆ ಏನು. ‘ಜೀವನಪೂರ್ತಿ’ ಎಂದು ಒಂದೇ ಸಲ ದೊಡ್ಡ ಮೊತ್ತ ಕೇಳುವ ಕಡೆ ಈ ಕೊನೆಯ ಷರತ್ತನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಪಿಂಚಣಿ ಬರುವ ಬ್ಯಾಂಕ್ ಪಾಸ್‌ಬುಕ್ ಮತ್ತು ಎಟಿಎಂ ಕಾರ್ಡನ್ನು ಕೇಂದ್ರಕ್ಕೆ ಒಪ್ಪಿಸಬೇಡಿ. ಅದು ಪೋಷಕರ ಹತ್ತಿರವೇ ಇರಲಿ. ವಿಳಾಸ ಬದಲಾದ್ದರಿಂದ ಪಿಂಚಣಿ ನಿಲ್ಲದಂತೆ ನಾಡಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ನಿಮ್ಮ ಪಿಂಚಣಿ ಅವರಿಗೂ ಸಿಗಬಹುದು

ವಸತಿ ಕೇಂದ್ರದ ಖರ್ಚಿಗೆ ನಿಜವಾಗಿ ಆಧಾರ ಆಗುವುದು ಬಹಳ ಸಲ ಇದೇ, ಆದರೆ ಇದನ್ನು ಮರೆಯುವವರೇ ಜಾಸ್ತಿ. ಕೇಂದ್ರ ಸರ್ಕಾರಿ ನೌಕರರ ಮಗ ಅಥವಾ ಮಗಳು ವೈಕಲ್ಯದಿಂದ ದುಡಿಯಲಾರದವರಾಗಿದ್ದರೆ ತಂದೆತಾಯಿ ನಂತರ ಕುಟುಂಬ ಪಿಂಚಣಿ ಅವರಿಗೆ ಜೀವನಪೂರ್ತಿ ಸಿಗುತ್ತದೆ. ರಾಜ್ಯ ಸರ್ಕಾರಿ ನೌಕರರು ತಮ್ಮ ಇಲಾಖೆಯಲ್ಲಿ ಕೇಳಬೇಕು. ಖಾಸಗಿ ಕಂಪನಿಯಲ್ಲಿ ಪಿಎಫ್ ಇದ್ದವರಿಗೂ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪೂರ್ಣ ಅಂಗವಿಕಲ ಮಗುವಿಗೆ ವಯಸ್ಸಿನ ಮಿತಿ ಇಲ್ಲದೆ ಪಿಂಚಣಿ ಇದೆ. ನೀವು ಬದುಕಿರುವಾಗಲೇ ಆ ಹೆಸರನ್ನು ಸೇವಾ ದಾಖಲೆಯಲ್ಲಿ, ಪಿಂಚಣಿ ಕಾಗದದಲ್ಲಿ ಸೇರಿಸಿಬಿಡಿ. ಆಮೇಲೆ ಆ ಹಣ ಎತ್ತಲು ಬೇಕಾಗುವುದೂ ಅದೇ ಪೋಷಕತ್ವದ ಆದೇಶ.

ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ ವೈಕಲ್ಯವಿರುವ ಅವಲಂಬಿತರ ಲೆಕ್ಕದಲ್ಲಿ (80ಡಿಡಿ ಎಂದು ಕರೆಯುವ ರಿಯಾಯಿತಿ) 75,000 ರೂಪಾಯಿ, ಶೇ 80 ಮತ್ತು ಮೇಲ್ಪಟ್ಟ ವೈಕಲ್ಯಕ್ಕೆ 1,25,000 ರೂಪಾಯಿ ಕಡಿತ ಪಡೆಯಬಹುದು.

ದಾರಿ ಬೇರೆ ಇರುವವರು

18ರ ಒಳಗಿನ ಮಕ್ಕಳ ವಿಷಯ ಬೇರೆ. ವೈಕಲ್ಯ ಇದೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರೆ ಮಾಡುವ ಹಾಗಿಲ್ಲ, ಅದಕ್ಕೆ ಕೋರ್ಟಿನ ಆದೇಶ ಬೇಕು. ನೋಡಿಕೊಳ್ಳುವವರು ಯಾರೂ ಇಲ್ಲದ ಮಗುವಾದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗಬೇಕು, ಅಥವಾ 1098ಕ್ಕೆ ಕರೆ ಮಾಡಬೇಕು.

ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇರುವವರು ನ್ಯಾಷನಲ್ ಟ್ರಸ್ಟಿನಲ್ಲಿ ಬರುವುದಿಲ್ಲ. ಅವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಹಾಫ್‌ವೇ ಹೋಂ, ಗುಂಪು ಮನೆಗಳನ್ನು ಒದಗಿಸುವುದು ಸರ್ಕಾರದ ಜವಾಬ್ದಾರಿ ಎಂದು ಅದರಲ್ಲೇ ಬರೆದಿದೆ. ಬರೆದಷ್ಟು ಮನೆಗಳು ಇಲ್ಲ ಅನ್ನುವುದು ಬೇರೆ ಮಾತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಕುರುಡುತನ, ಕಿವುಡುತನ, ಬೆನ್ನುಹುರಿ ಪೆಟ್ಟು ಇರುವ ವಯಸ್ಕರಿಗೆ ಕಾಯಂ ವಸತಿಯ ಯೋಜನೆಗಳು ತೀರಾ ಕಡಿಮೆ. ಇವರು 2016ರ ಕಾಯ್ದೆಯ 38ನೇ ಸೆಕ್ಷನ್ ಅಡಿ ‘ಹೆಚ್ಚಿನ ಬೆಂಬಲ’ ಬೇಕೆಂದು ಅರ್ಜಿ ಹಾಕಬಹುದು. ಮೌಲ್ಯಮಾಪನ ಮಂಡಳಿ ನೋಡಿ ಏನು ಬೇಕೆಂದು ಹೇಳಬೇಕು.

ದೂರು ಕೊಡುವುದಿದ್ದರೆ

ಕೇಂದ್ರದಲ್ಲಿ ಹೊಡೆತ, ಕೂಡಿಹಾಕುವುದು, ಉಪವಾಸ ಕೆಡವುವುದು ಕಂಡರೆ ಮೊದಲು ಪೊಲೀಸ್ ಅಥವಾ ತಹಶೀಲ್ದಾರ್. 2016ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆ ವ್ಯಕ್ತಿಯನ್ನು ಅಲ್ಲಿಂದ ಬಿಡಿಸಲು ಆದೇಶ ಕೊಡಬಹುದು. ಸಂಬಂಧವಿಲ್ಲದವರೂ ಮಾಹಿತಿ ಕೊಡಬಹುದು. ಅನುದಾನ, ಸೀಟು, ಪೋಷಕತ್ವದ ಅರ್ಜಿ ತಡ ಇಂಥ ವಿಷಯಕ್ಕೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ಬರೆಯಿರಿ. ಬಿಳಿ ಹಾಳೆಯಲ್ಲಿ ಬರೆದರೂ ಸಾಕು. ಯುಡಿಐಡಿ ನಂಬರ್, ಅರ್ಜಿ ಕೊಟ್ಟ ತಾರೀಕು, ಸ್ವೀಕೃತಿಯ ಜೆರಾಕ್ಸ್ ಜೊತೆಗಿರಲಿ.